ಹೆಂಗಸಿನ ದುಡಿಮೆಗೆ ಬೆಲೆಯುಂಟು, ಆರೋಗ್ಯಕ್ಕೆ?

ಕೊಯಮತ್ತೂರಿನಿಂದ ಪೊಳ್ಳಾಚಿ ರಸ್ತೆ ಹಿಡಿದರೆ ಕುರಿಚಿ ಸಿಗುತ್ತದೆ. ಕೆರೆಯೂ ಸಿಡ್ಕೋ ಕೈಗಾರಿಕಾ ವಸಾಹತುವೂ ಇರುವ ಈ ಊರು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿತು. ಆಚೆಗೆ ತಿರುಪ್ಪೂರು, ನೂಲಿನ ಗಿರಣಿಗಳ, ಬನಿಯನ್ ಕಾರ್ಖಾನೆಗಳ ನಾಡು. ತಲೆಮಾರುಗಳ ಹಿಂದೆ ಅಲ್ಲಿ ನೆಲೆಸಿದ ಕನ್ನಡ ಮಾತಿನ ದೇವಾಂಗ ನೇಕಾರರೂ ಒಕ್ಕಲಿಗರೂ ಇಂದಿಗೂ ಆ ಜಿಲ್ಲೆಗಳಲ್ಲಿದ್ದಾರೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ಬೇರೆ ಭಾಷೆ ಎಂಬ ಬಾಳು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದುದಲ್ಲ. ಆದರೆ ಇಂದು ನಾವು ಆ ಸೀಮೆಯನ್ನು ನೆನೆಯುವುದು ಭಾಷೆಯ ಕಾರಣಕ್ಕಲ್ಲ. ಅಲ್ಲಿಯ ಹೆಂಗಸರ ದುಡಿಮೆಯ ಕಾರಣಕ್ಕೆ.

ತಮಿಳುನಾಡಿನ ಸಿದ್ಧ ಉಡುಪಿನ ಉದ್ಯಮ ನಿಂತಿರುವುದೇ ಹೆಂಗಸರ ಕೈಯ ಮೇಲೆ. 2019ರ ಜೂನ್ ತಿಂಗಳಲ್ಲಿ ಥಾಮ್ಸನ್ ರಾಯಿಟರ್ಸ್ ಪ್ರತಿಷ್ಠಾನದ ವರದಿಗಾರರು ಆ ರಾಜ್ಯದ ಸುಮಾರು ನೂರು ಮಂದಿ ಉಡುಪು ಕಾರ್ಮಿಕ ಮಹಿಳೆಯರನ್ನು ಮಾತನಾಡಿಸಿ ಒಂದು ವರದಿ ಪ್ರಕಟಿಸಿದರು. ಮುಟ್ಟಿನ ಹೊಟ್ಟೆನೋವೆಂದು ಹೇಳಿದವರಿಗೆ ಕೆಲಸದ ಸ್ಥಳದಲ್ಲೇ ಹೆಸರಿಲ್ಲದ, ಚೀಟಿಯಿಲ್ಲದ ಮಾತ್ರೆ ಕೊಡಲಾಗುತ್ತಿತ್ತು. ಆ ನೂರು ಮಂದಿಯೂ ಅದನ್ನು ನುಂಗಿದವರೇ. ಅದರಿಂದ ತಮ್ಮ ಆರೋಗ್ಯ ಕೆಟ್ಟಿತೆಂದು ಅರ್ಧಕ್ಕೂ ಹೆಚ್ಚು ಮಂದಿ ತಿಳಿಸಿದರು. ಒಂದು ದಿನದ ರಜೆಯೆಂದರೆ ಒಂದು ದಿನದ ಕೂಲಿ ಖೋತಾ. ಆದುದರಿಂದ ಅವರು ಮಾತ್ರೆ ನುಂಗಿ ಯಂತ್ರದ ಮುಂದೆ ಕುಳಿತರು. ಕೆಲಸ ನಿಲ್ಲಲಿಲ್ಲ. ಆದರೆ ನೋವೇಕೆ ಬಂತೆಂದು ಯಾರೂ ಕೇಳಲಿಲ್ಲ.

ಈ ಒಂದು ಪ್ರಶ್ನೆಯನ್ನು ಕೇಳದಿರುವುದೇ ನಾವು ಇಂದು ಎತ್ತಿಕೊಂಡಿರುವ ವಿಷಯ. ಇದು ಯಾವುದೋ ಒಂದು ಕಾರ್ಖಾನೆಯ ಮೇಲ್ವಿಚಾರಕನ ಕಲ್ಲೆದೆಯ ಕಥೆ ಮಾತ್ರ ಎಂದು ಬಗೆದರೆ ತಪ್ಪಾದೀತು. ಹೆಂಗಸಿನ ದೇಹದ ಬಗ್ಗೆ ತಿಳಿಯಲು ಹಣ ವ್ಯಯಿಸದ ರೋಗ ಪ್ರಪಂಚದ ದೊಡ್ಡ ದೊಡ್ಡ ಸಂಶೋಧನಾಲಯಗಳನ್ನೂ ಬಿಟ್ಟಿಲ್ಲ. ಅಮೆರಿಕದಲ್ಲಿ 1977ರ ಒಂದು ಸರಕಾರಿ ಮಾರ್ಗದರ್ಶಿ, ಹೆರುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಆರಂಭದ ಪರೀಕ್ಷೆಗಳಿಂದ ಹೊರಗಿಟ್ಟಿತು. ಗರ್ಭದ ಶಿಶುವಿಗೆ ಹಾನಿಯಾಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಫಲವೇನಾಯಿತು? ಗಂಡಸರ ಮೇಲೆ ಪರೀಕ್ಷಿಸಿದ ಔಷಧವನ್ನು ಹೆಂಗಸರು ನುಂಗುವಂತಾಯಿತು. 1993ರಲ್ಲಿ ಆ ಧೋರಣೆಯನ್ನು ಬದಲಿಸಬೇಕಾಯಿತು. ಜೋಲ್ಪಿಡೆಮ್ ಎಂಬ ನಿದ್ರೆಯ ಮಾತ್ರೆ ಇಪ್ಪತ್ತು ವರ್ಷ ಮಾರಾಟವಾದ ಮೇಲೆ, 2013ರಲ್ಲಿ, ಹೆಂಗಸರಿಗೆ ಅದರ ಅರ್ಧ ಪ್ರಮಾಣ ಸಾಕೆಂದು ಅಲ್ಲಿಯ ಔಷಧ ಇಲಾಖೆ ಸಾರಿತು. ಹೆಂಗಸರ ರಕ್ತದಲ್ಲಿ ಆ ಮದ್ದು ಹೆಚ್ಚು ಹೊತ್ತು ಉಳಿಯುತ್ತದೆಂಬುದು ಅಷ್ಟು ತಡವಾಗಿ ಲೆಕ್ಕಕ್ಕೆ ಬಂತು!

ಹಣದ ಲೆಕ್ಕವನ್ನೂ ನೋಡೋಣ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2013ರಿಂದ 2023ರ ವರೆಗೆ ಸಂಶೋಧನೆಗೆ ಕೊಟ್ಟ ಹಣದಲ್ಲಿ ಮಹಿಳಾ ಆರೋಗ್ಯದ ಪಾಲು ಶೇಕಡಾ 8.8 ಮಾತ್ರವೆಂದು ಅಲ್ಲಿಯ ವಿಜ್ಞಾನ ಅಕಾಡೆಮಿಗಳ ಸಮಿತಿಯೇ ತಿಳಿಸಿದೆ. ಅಷ್ಟು ಸಿರಿವಂತ ದೇಶದ ಸ್ಥಿತಿಯೇ ಹೀಗಿರುವಾಗ ಉಳಿದವರ ಮಾತೇನು? ವಿಶ್ವ ಆರ್ಥಿಕ ವೇದಿಕೆಯೂ ಮೆಕಿನ್ಸಿ ಸಂಸ್ಥೆಯೂ 2024ರಲ್ಲಿ ಹೊರತಂದ ವರದಿಯ ಪ್ರಕಾರ, ಹೆಂಗಸರು ಗಂಡಸರಿಗಿಂತ ಶೇಕಡಾ 25ರಷ್ಟು ಹೆಚ್ಚು ಕಾಲವನ್ನು ಅನಾರೋಗ್ಯದಲ್ಲಿ ಕಳೆಯುತ್ತಾರೆ. ಈ ಅಂತರವನ್ನು ಮುಚ್ಚಿದರೆ 2040ರ ವೇಳೆಗೆ ಪ್ರಪಂಚದ ಆದಾಯಕ್ಕೆ ವರ್ಷಕ್ಕೆ ಒಂದು ಲಕ್ಷ ಕೋಟಿ ಡಾಲರಿನಷ್ಟು ಸೇರ್ಪಡೆಯಾಗಬಹುದೆಂದು ಆ ವರದಿ ಅಂದಾಜಿಸಿದೆ. ಆರೋಗ್ಯವನ್ನು ಲಾಭನಷ್ಟದ ತಕ್ಕಡಿಯಲ್ಲಿ ತೂಗುವುದು ನಮಗೆ ಸಮ್ಮತವಲ್ಲ. ಆದರೂ ತಕ್ಕಡಿಯ ಭಾಷೆ ಮಾತ್ರ ಅರ್ಥವಾಗುವವರಿಗೆ ಅದರಲ್ಲೇ ಹೇಳಬೇಕಷ್ಟೆ.

ನಮ್ಮ ದೇಶದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇಕಡಾ 57 ಮಂದಿ ರಕ್ತಹೀನರು. ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ 25. ಗಿರಣಿಗಳಲ್ಲಿ ಹೆಂಗಸರಿಗೆ ಕೈತುಂಬ ಕೆಲಸವಿರುವ ತಮಿಳುನಾಡಿನಲ್ಲಿ ಶೇಕಡಾ 53. ಆರೋಗ್ಯದಲ್ಲಿ ದೇಶಕ್ಕೇ ಮಾದರಿಯೆಂದು ಹೆಮ್ಮೆಪಡುವ ಕೇರಳದಲ್ಲೂ ಶೇಕಡಾ 36. ದುಡಿಮೆ ಬಂದ ಮಾತ್ರಕ್ಕೆ ದೇಹಕ್ಕೆ ಬಲ ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸಂಶೋಧನೆಯಿಂದ ಬಡವರಿಗೇನು ಪ್ರಯೋಜನ ಎಂದು ಕೇಳುವವರೂ ಇದ್ದಾರೆ. ಅವರಿಗೆ ತಿರುಪ್ಪೂರಿನ ನೆರೆಯ ದಿಂಡುಗಲ್ ಜಿಲ್ಲೆಯೇ ಉತ್ತರ. ಅಲ್ಲಿಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ ಹೆಂಗಸರ ಗರ್ಭಕೋಶದ ಕೊರಳನ್ನು ತರಬೇತಿ ಪಡೆದ ದಾದಿಯರು ದುರ್ಬಲ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ, ಸವರಿ ಪರೀಕ್ಷಿಸಿದರು. ಕೆಡುಕಿನ ಚಿಹ್ನೆ ಕಂಡವರಿಗೆ ಚಿಕಿತ್ಸೆಯ ಏರ್ಪಾಡೂ ಇತ್ತು. ಪರೀಕ್ಷೆಯ ಸೌಲಭ್ಯ ದೊರೆತ ಹಳ್ಳಿಗಳಲ್ಲಿ ಆ ಅರ್ಬುದದಿಂದಾಗುವ ಸಾವು ಶೇಕಡಾ 35ರಷ್ಟು ಇಳಿಯಿತೆಂದು 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ದೊಡ್ಡ ಯಂತ್ರ ಬೇಕಾಗಲಿಲ್ಲ. ಹೆಂಗಸರ ಜೀವ ಅಧ್ಯಯನಕ್ಕೆ ಯೋಗ್ಯವೆಂಬ ಮನಸ್ಸು ಬೇಕಾಯಿತು.

ಇನ್ನು ನಮ್ಮ ಜಿಲ್ಲೆಯ ಮಾತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಮೊದಲಾದ ಊರುಗಳ ಸುತ್ತಲಿನ ಗೇರು ತೋಟಗಳ ಮೇಲೆ 2000ದ ವರೆಗೆ ಎರಡು ದಶಕಕ್ಕೂ ಮಿಕ್ಕಿ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ವಾಣೀನಗರದ ಡಾ. ವೈ.ಎಸ್. ಮೋಹನ ಕುಮಾರರು ರೋಗಿಗಳನ್ನು ಕಂಡು ಎಚ್ಚರಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಿಲೇರಿದರು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಗೆ ಬಂದು ಅಧ್ಯಯನ ನಡೆಸಿದರು. ಆ ವಿಜ್ಞಾನಿಗಳು 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ 117 ಶಾಲಾ ಬಾಲಕರನ್ನು ಕುರಿತದ್ದು. ಅವರ ಪ್ರಾಯದ ಬೆಳವಣಿಗೆ ತಡವಾಗಿದೆ ಎಂಬುದು ಅದರ ಸಾರ. ಅದು ಬೆಲೆಯುಳ್ಳ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ತೋಡಿನ ನೀರು ಹೊತ್ತು ತಂದ, ಅದೇ ನೀರಿನಲ್ಲಿ ಬಟ್ಟೆ ಒಗೆದ, ಅದನ್ನೇ ಕುಡಿದು ಬಸುರಿಯಾದ ಹೆಂಗಸರ ದೇಹವನ್ನು ಬದುಕಿನುದ್ದಕ್ಕೂ ಹಿಂಬಾಲಿಸಿ ನೋಡುವ ಅಧ್ಯಯನ ಈ ಜಿಲ್ಲೆಗೆ ಸಲ್ಲಬೇಕಾದ ಸಾಲ. ಆಗಿನ ಬಾಲಕಿಯರು ಇಂದು ತಾಯಂದಿರು. ಪೀಡಿತ ಮಕ್ಕಳ ತಾಯಂದಿರು 2019ರ ಜನವರಿಯಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಸತ್ಯಾಗ್ರಹ ಕುಳಿತದ್ದನ್ನು ಓದುಗರು ಮರೆತಿರಲಾರರು. ಹಾಸಿಗೆ ಹಿಡಿದ ಮಗುವನ್ನು ಬಿಟ್ಟು ಕೂಲಿಗೆ ಹೋಗಲಾರದ ತಾಯಿಯ ನಷ್ಟ ಯಾವ ಪರಿಹಾರದ ಪಟ್ಟಿಯಲ್ಲಿ ಬರುತ್ತದೆ?

ಬೀಡಿಯ ಕಥೆಯೂ ಇದೇ. ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು, ಆ ಹಣದಲ್ಲಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಓದುಗರ ಮನೆಮನೆಯಲ್ಲೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಕೈಗೆ ಸಿಗುವ ನಗದೆಂದರೆ ಅದೊಂದೇ ಆಗಿತ್ತು. ಬೀಡಿ ಕಾರ್ಮಿಕರ ಕ್ಷೇಮನಿಧಿಗೆ 1976ರಲ್ಲಿ ಕಾನೂನಾಯಿತು. ಅದಕ್ಕೆ ಆಧಾರವಾಗಿದ್ದ ಸೆಸ್ಸು ಜಿ.ಎಸ್.ಟಿ. ಬಂದ 2017ರಲ್ಲಿ ರದ್ದಾಯಿತು. ಹೊಗೆಸೊಪ್ಪಿನ ಧೂಳು ಕುಡಿದ ಎದೆಯ ಕೆಮ್ಮು, ಬಾಗಿದ ಬೆನ್ನಿನ ನೋವು ಮಾತ್ರ ರದ್ದಾಗಲಿಲ್ಲ.

ಇಲ್ಲಿ ಭಾಷೆಯ ಪ್ರಶ್ನೆಯೂ ಬಂದೇ ಬರುತ್ತದೆ. ಮುಟ್ಟು, ಬಿಳಿಸೆರಗು, ಗರ್ಭಪಾತ ಇವೆಲ್ಲ ಹೆಂಗಸು ತಾಯಿಭಾಷೆಯಲ್ಲೇ ಹೇಳಲು ಸಂಕೋಚಪಡುವ ವಿಷಯಗಳು. ಅರ್ಧಂಬರ್ಧ ತಿಳಿದ ಮಲಯಾಳದಲ್ಲಿ ಅಪರಿಚಿತರ ಎದುರು ಆಕೆ ಏನು ಹೇಳಿಯಾಳು? "ಏನಿಲ್ಲ" ಎಂದು ಎದ್ದು ಬರುತ್ತಾಳೆ. ಸಮೀಕ್ಷೆಯ ಕಾಗದದಲ್ಲಿ ಆಕೆ ಆರೋಗ್ಯವಂತೆ. ಹೀಗೆ ಕನ್ನಡದ, ತುಳುವಿನ ಹೆಂಗಸರ ನೋವು ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಲೆಕ್ಕಕ್ಕೆ ಸಿಗದ ರೋಗಕ್ಕೆ ಹಣ ಮಂಜೂರಾಗುವುದಿಲ್ಲ. ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂಬ ತತ್ವವನ್ನು ಕೇರಳ 1969ರ ಕಾನೂನಿನಲ್ಲೇ ಒಪ್ಪಿಕೊಂಡಿತ್ತು. ಅರ್ಜಿಗೆ ಒಪ್ಪುವ ತತ್ವ ಆಸ್ಪತ್ರೆಯ ಪ್ರಶ್ನಾವಳಿಗೆ ಒಪ್ಪದೆ?

ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿತ್ತು, ಎಂ.ಬಿ.ಬಿ.ಎಸ್. ತರಗತಿಗೆ ಅನುಮತಿ ಸಿಗಲು 2025ರ ವರೆಗೆ ಕಾಯಬೇಕಾಯಿತು. ಎಂಡೋಸಲ್ಫಾನ್ ಪೀಡಿತ ಊರುಗಳ ನಡುವೆಯೇ ಇರುವ ಈ ಕಾಲೇಜು ಕೇವಲ ಪಾಠ ಹೇಳುವ ಕಟ್ಟಡವಾಗಿ ಉಳಿಯಬಾರದು. ಅಲ್ಲಿ ಮಹಿಳಾ ಆರೋಗ್ಯದ ಸಂಶೋಧನಾ ವಿಭಾಗವೊಂದು ಬೇಕು. ಗೇರು ತೋಟದ ಸುತ್ತಲಿನ ಹೆಂಗಸರನ್ನೂ ಬೀಡಿ ಕಾರ್ಮಿಕರನ್ನೂ ವರ್ಷವರ್ಷ ಪರೀಕ್ಷಿಸುವ ಏರ್ಪಾಡು ಬೇಕು. ಪ್ರಶ್ನಾವಳಿ ಕನ್ನಡದಲ್ಲೂ ಇರಬೇಕು. ಪ್ರಶ್ನೆ ಕೇಳುವವರು ಕನ್ನಡವೋ ತುಳುವೋ ಬಲ್ಲ ಹೆಂಗಸರಾಗಿರಬೇಕು. ಇದಕ್ಕೆ ಸರಕಾರ ಬಜೆಟಿನಲ್ಲಿ ಪ್ರತ್ಯೇಕ ಹಣ ತೆಗೆದಿರಿಸಬೇಕೆಂದು ನಾವು ಒತ್ತಾಯಿಸುತ್ತೇವೆ.

ಬೊಕ್ಕಸ ಬರಿದೆಂಬ ಮಾಮೂಲು ಉತ್ತರ ಬರುವುದೆಂದು ಬಲ್ಲೆವು. ಕಷ್ಟವಿರುವುದು ನಿಜವೇ ಇರಬಹುದು. ಆದರೆ ಇಂದು ಉಳಿಸಿದ ಹಣವನ್ನು ನಾಳೆ ಮಂಗಳೂರಿನ ಆಸ್ಪತ್ರೆಗಳಿಗೆ ತೆರುವವರು ಇಲ್ಲಿಯ ಬಡ ಕುಟುಂಬಗಳೇ ಅಲ್ಲವೆ?

ಕೊನೆಯದಾಗಿ ನಮ್ಮ ತಾಯಂದಿರಿಗೂ ಸೋದರಿಯರಿಗೂ ಒಂದು ಮಾತು. 1998ರಲ್ಲಿ ಆರಂಭವಾದ ಕುಟುಂಬಶ್ರೀ ಹೆಂಗಸರ ಕೈಗೆ ಉಳಿತಾಯದ ಪುಸ್ತಕವನ್ನೂ ಸಾಲದ ಬಲವನ್ನೂ ಕೊಟ್ಟಿದೆ. ದುಡಿಯುವ ಕೈಗೆ ಕೇಳುವ ಹಕ್ಕೂ ಇದೆ. ವಾರದ ಅಯಲ್‌ಕೂಟದಲ್ಲಿ ಸಾಲದ ಕಂತಿನ ಜತೆಗೆ ಆರೋಗ್ಯದ ಮಾತೂ ನಡೆಯಲಿ. ಗ್ರಾಮಸಭೆಯಲ್ಲಿ ಅದು ನಿರ್ಣಯವಾಗಲಿ. ಮನೆಯ ಗಂಡಸರೂ ಇದು ಹೆಂಗಸರ ವಿಷಯವೆಂದು ಎದ್ದು ಹೋಗದಿರಲಿ. ನೋವನ್ನು ನುಂಗುವುದೇ ಹೆಂಗಸಿನ ಧರ್ಮವೆಂದು ಹೇಳಿಕೊಟ್ಟ ಕಾಲ ಮುಗಿಯಲಿ. ನೋವೇಕೆ ಬಂತೆಂದು ಕೇಳುವ ಕಾಲ ಈ ಗಡಿನಾಡಿನಿಂದಲೇ ಆರಂಭವಾಗಲಿ.