ಟನ್ನಿಗೆ ಎರಡು ಡಾಲರ್ ಕೊಟ್ಟವನ ಹಕ್ಕು

ನವೆಂಬರ್‌ನಲ್ಲಿ ವಿಜಯಪುರದಿಂದ ತಮ್ಮನ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಅಕ್ಟೋಬರ್ ಚಾಟ್ನಿ ಮುಗಿದು ದ್ರಾಕ್ಷಿ ಹೂವಿಗೆ ಬರುವ ಹೊತ್ತು ಅದು. ‘ಯಣ್ಣಾ, ಮತ್ತ ಮಳಿ ಬಂತು. ಪಡದಾಗ ಡೌನಿ ಬಿದ್ದೈತಿ. ಅಂಗಡ್ಯಾಂವ ಹೊಸಾ ಔಷಧ ಕೊಟ್ಟಾನ, ನೋಡೂಣು’ ಎಂದ ಕಳೆದ ಸಲ. ಔಷಧ ಮಾರುವವನೇ ನಮ್ಮೂರಿನ ವಿಜ್ಞಾನಿ.

ನಾನು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ವೈನ್ ಘಟಕವೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. (ಅವ್ವ ಊರವರಿಗೆ ‘ಹಣ್ಣಿನ ಕಂಪನಿ’ ಎಂದೇ ಹೇಳುತ್ತಾಳೆ. ಈ ಪುಟ ಓದುವ ಕೆಲವು ಮನೆಗಳಲ್ಲೂ ಇಂಥ ಜಾಣತನ ನಡೆದಿರಬಹುದು.) ಇಲ್ಲಿನ ಬೆಳೆಗಾರನಿಗೂ ಮಳೆ, ರೋಗ, ಸಾಲ ತಪ್ಪಿದ್ದಲ್ಲ. ಆದರೆ ಅವನು ವೈನ್ ಘಟಕಕ್ಕೆ ಕೊಡುವ ಹಣ್ಣಿನ ಮೇಲೆ ಟನ್ನಿಗೆ ಎರಡು ಡಾಲರ್ ಆಸುಪಾಸು ಸಂಶೋಧನಾ ಶುಲ್ಕ ಕಡಿತವಾಗುತ್ತದೆ. ವೈನ್ ತಯಾರಕರೂ ಪ್ರತ್ಯೇಕವಾಗಿ ಕಟ್ಟುತ್ತಾರೆ. ಒಂದು ಮಿತಿಯೊಳಗೆ ಸರ್ಕಾರ ಅಷ್ಟೇ ಹಣ ಸೇರಿಸುತ್ತದೆ. ‘ವೈನ್ ಆಸ್ಟ್ರೇಲಿಯಾ’ ಎಂಬ ಸಂಸ್ಥೆ ಅದನ್ನು ಸಂಶೋಧನೆಗೆ ಹಂಚುತ್ತದೆ. 1955ರಲ್ಲಿ ಹುಟ್ಟಿದ ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆ, ಅಡಿಲೇಡ್ ವಿಶ್ವವಿದ್ಯಾಲಯದ ಪ್ರಯೋಗಾಲಯಗಳು ಎಲ್ಲ ಇಲ್ಲಿನ ವೇಟ್ ಆವರಣದಲ್ಲಿ ಅಕ್ಕಪಕ್ಕದಲ್ಲಿವೆ.

ಇದರ ಬೆಲೆ ನನಗೆ ಅರ್ಥವಾದದ್ದು 2019ರ ಡಿಸೆಂಬರ್‌ನಲ್ಲಿ, ಅಡಿಲೇಡ್ ಬೆಟ್ಟಗಳಿಗೆ ಬೆಂಕಿ ಬಿದ್ದಾಗ. ಸುಟ್ಟ ಬಳ್ಳಿ ಕಣ್ಣಿಗೆ ಕಾಣುತ್ತದೆ, ಹೊಗೆ ಕುಡಿದ ಹಣ್ಣು ಕಾಣುವುದಿಲ್ಲ. ಬಾಯಿಗೆ ಹಾಕಿಕೊಂಡರೆ ಸಿಹಿಯಾಗಿಯೇ ಇರುತ್ತದೆ. ಹೊಗೆಯ ಅಂಶ ಹಣ್ಣಿನೊಳಗಿನ ಸಕ್ಕರೆಗೆ ಅಂಟಿ ಅಡಗಿರುತ್ತದೆ. ರಸ ಹುದುಗುವಾಗ ಬಿಡಿಸಿಕೊಂಡು ಹೊರಬರುತ್ತದೆ, ವೈನ್ ಬೂದಿಯ ರುಚಿ ಹಿಡಿಯುತ್ತದೆ. ಅಡಗಿದ ಆ ಅಂಶವನ್ನು ಕೊಯ್ಲಿಗೆ ಮೊದಲೇ ಅಳೆಯುವ ಪರೀಕ್ಷೆ ಆ ಹೊತ್ತಿಗೆ ಸಿದ್ಧವಿತ್ತು. ಕಾರಣ, 2003ರ ಕಾಳ್ಗಿಚ್ಚಿನ ನಂತರವೇ ಈ ಪ್ರಶ್ನೆಯ ಮೇಲೆ ಕೆಲಸ ಶುರುವಾಗಿತ್ತು. ಕೊಯ್ಯಬೇಕೇ, ಬಳ್ಳಿಯಲ್ಲೇ ಬಿಡಬೇಕೇ ಎಂದು ರೈತ ಕಾಗದ ನೋಡಿ ತೀರ್ಮಾನಿಸಿದ. ನಷ್ಟ ತಪ್ಪಲಿಲ್ಲ. ಆದರೆ ಕೆಟ್ಟ ಹಣ್ಣಿಗೆ ಕೂಲಿ, ಸಾಗಣೆಯ ಖರ್ಚಾದರೂ ಉಳಿಯಿತು.

ಇನ್ನೊಂದು ಸಂಗತಿ ನಮ್ಮ ಮಲೆನಾಡಿನವರಿಗೆ ಹಿಡಿಸೀತು. ಶಿರಾಜ್ ವೈನಿನ ಕಾಳುಮೆಣಸಿನ ಘಮ ಎಲ್ಲಿಂದ ಬರುತ್ತದೆ ಎಂದು ಇದೇ ಸಂಸ್ಥೆಯವರು ಹುಡುಕಿದರು. 2008ರಲ್ಲಿ ಪ್ರಕಟವಾದ ಉತ್ತರ: ರೊಟಂಡೋನ್ ಎಂಬ ವಸ್ತು. ಕಾಳುಮೆಣಸಿನಲ್ಲಿರುವುದೂ ಅದೇ! ಐವರಲ್ಲಿ ಒಬ್ಬರ ಮೂಗಿಗೆ ಅದು ತಾಗುವುದೇ ಇಲ್ಲವಂತೆ. ನಾನು ಆ ಐದನೆಯವನು.

ಹಾಗೆಂದು ಇಲ್ಲಿ ಸ್ವರ್ಗವಿಲ್ಲ. ರಿವರ್‌ಲ್ಯಾಂಡ್ ಕಡೆ ಕೆಂಪು ದ್ರಾಕ್ಷಿಗೆ ಬೆಲೆಯಿಲ್ಲದೆ ಬಳ್ಳಿ ಕಿತ್ತವರಿದ್ದಾರೆ. ಎಷ್ಟೇ ಸಂಶೋಧನೆ ಮಾಡಿದರೂ ಅದು ಮಾರುಕಟ್ಟೆಯನ್ನು ಸೃಷ್ಟಿಸುವುದಿಲ್ಲ. ಶುಲ್ಕ ಕಡ್ಡಾಯ ಎಂಬ ಸಿಟ್ಟೂ ಇದೆ. ಆದರೆ ಸಿಟ್ಟಾದವನಿಗೆ ‘ನನ್ನ ದುಡ್ಡು ಎಲ್ಲಿ ಹೋಯಿತು’ ಎಂದು ಕೇಳುವ ಹಕ್ಕಿದೆ.

ನಮ್ಮಲ್ಲಿ ಏನಿಲ್ಲ ಹೇಳಿ? ಪುಣೆಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ರಾಜ್ಯಕ್ಕೇ ಒಂದು ದ್ರಾಕ್ಷಿ ಮತ್ತು ವೈನ್ ಮಂಡಳಿಯಿದೆ. ಮಣೂಕ ಮಾಡುವ ವಿಜಯಪುರದವರು, ಬೆಂಗಳೂರು ನೀಲಿ ಬೆಳೆಯುವ ಚಿಕ್ಕಬಳ್ಳಾಪುರದವರು ಟನ್ನಿಗಿಷ್ಟು ಎಂದು ಕೊಡಲಿ, ಸರ್ಕಾರ ಅಷ್ಟೇ ಹಾಕಲಿ, ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕೆಂದು ತೀರ್ಮಾನಿಸುವ ಮೇಜಿನಲ್ಲಿ ಅರ್ಧ ಕುರ್ಚಿ ಬೆಳೆಗಾರರಿಗಿರಲಿ. ಕುರ್ಚಿ ಕೊಡದೆ ಶುಲ್ಕ ಮಾತ್ರ ಕೇಳಿದರೆ ಅದು ಇನ್ನೊಂದು ತೆರಿಗೆ. ಅದಕ್ಕೆ ಮೊದಲು ವಿರೋಧಿಸುವವನು ನಾನೇ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಎರಡು ಡಾಲರ್ ಎಂದರೆ ಎಷ್ಟಾಯಿತೆಂದು ಕೇಳಿದ. ನೂರಿಪ್ಪತ್ತು ರೂಪಾಯಿ ಆಸುಪಾಸು ಎಂದೆ.

‘ಮೊನ್ನಿ ಹೊಡದ ಔಷಧದ ಡಬ್ಬಿ ಮುಚ್ಚಳಕ್ಕೂ ಸಾಲಂಗಿಲ್ಲ ಬಿಡು’ ಎಂದ. ‘ಮಳಿ ನಿಂತಿಲ್ಲ ಇನ್ನೂ.’