ಗಾಳಿಯ ತೂಕವೂ ಗ್ಯಾರೇಜಿನ ಊಹೆಯೂ

ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಒಮ್ಮೆ ಸುತ್ತಿಬಂದವರಿಗೆ ಮೋಟಾರು ಕಾರಿನೊಳಗೆ ಎಷ್ಟು ಬಗೆಯ ಅಂಗಗಳಿವೆಯೆಂಬುದು ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಮನದಟ್ಟಾಗುತ್ತದೆ. ಅವುಗಳಲ್ಲೊಂದು, ಎಂಜಿನು ಒಳಗೆಳೆದುಕೊಳ್ಳುವ ಗಾಳಿಯನ್ನು ಅಳೆಯುವ ಸಣ್ಣ ಸೆನ್ಸರು. ಗ್ಯಾರೇಜಿನವರ ಮಾತಿನಲ್ಲಿ ಎಂ.ಎ.ಎಫ್. ಕಾರು ಎಳೆಯದಿದ್ದರೆ "ಸೆನ್ಸರು ಹೋಗಿದೆ, ಬದಲಾಯಿಸಿ" ಎಂಬ ತೀರ್ಪು ಬೇಗನೆ ಹೊರಬೀಳುತ್ತದೆ. ಅಳೆಯುವ ಉಪಕರಣವನ್ನು ಪರೀಕ್ಷಿಸದೆಯೇ ದೂರುವ ಈ ಪದ್ಧತಿಯನ್ನು ನಾವು ಒಪ್ಪಲಾರೆವು.

ಇದರ ತತ್ತ್ವ ಸರಳವಾದುದು. ಕಾದ ತಂತಿಯ ಮೇಲೆ ಗಾಳಿ ಬೀಸಿದರೆ ತಂತಿ ತಣಿಯುತ್ತದೆ. ಅದರ ಉಷ್ಣತೆ ಇಳಿಯದಂತೆ ಕಾಯಲು ಎಷ್ಟು ವಿದ್ಯುತ್ತು ಬೇಕೆಂಬುದರಿಂದ ಗಾಳಿಯ ಅಳತೆ ದೊರೆಯುತ್ತದೆ. ಎಲ್. ವಿ. ಕಿಂಗ್ ಎಂಬ ವಿಜ್ಞಾನಿ 1914ರಲ್ಲಿ ಇದರ ಗಣಿತವನ್ನು ನಿರೂಪಿಸಿದನು. ವಾಯುಸುರಂಗಗಳಲ್ಲಿ ಬಹುಕಾಲ ದುಡಿದ ಈ ತಪ್ತತಂತಿಯು, ಇಂದಿರಾನಗರದ ನೆರೆಯ ಕೋಡಿಹಳ್ಳಿಯಲ್ಲಿರುವ ಎನ್.ಎ.ಎಲ್. ನಂತಹ ವಿಮಾನ ಸಂಶೋಧನ ಸಂಸ್ಥೆಗಳಿಗೆ ಹೊಸತೇನಲ್ಲ. ಕಾರಿಗೆ ಅದು ಇಳಿದು ಬಂದದ್ದು 1980ರ ದಶಕದ ಆರಂಭದಲ್ಲಿ, ಬಾಷ್ ಕಂಪನಿಯ ಎಲ್.ಎಚ್. ಜೆಟ್ರಾನಿಕ್ ವ್ಯವಸ್ಥೆಯ ಮೂಲಕ. ಎಂಜಿನು ನಿಂತ ಬಳಿಕ ತಂತಿಯನ್ನು ಕ್ಷಣಕಾಲ ಸುಮಾರು 1000 ಡಿಗ್ರಿಗೆ ಕಾಯಿಸಿ ಕೊಳೆಯನ್ನು ಸುಟ್ಟುಬಿಡುವ ಏರ್ಪಾಡು ಅದರಲ್ಲಿತ್ತು. ಈಗಿನ ತೆಳುಪೊರೆಯ ಸೆನ್ಸರುಗಳಲ್ಲಿ ಸಾಮಾನ್ಯವಾಗಿ ಆ ಏರ್ಪಾಡಿಲ್ಲ. ಧೂಳೂ ಎಣ್ಣೆಯ ಆವಿಯೂ ಕಂಬಳಿಯಂತೆ ಕವಿದರೆ ಪೊರೆ ಸಾಕಷ್ಟು ತಣಿಯದು. ಗಾಳಿ ಕಡಿಮೆಯೆಂದು ನಂಬಿದ ಕಾರಿನ ಕಂಪ್ಯೂಟರು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ.

ಸೆನ್ಸರು ಎಷ್ಟು ತೋರಿಸಬೇಕು? ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. 1.2 ಲೀಟರಿನ ಎಂಜಿನು ನಿಮಿಷಕ್ಕೆ 750 ಸುತ್ತು ತಿರುಗುತ್ತಿರಲಿ. ಎರಡು ಸುತ್ತಿಗೊಮ್ಮೆ ಗಾಳಿ ತುಂಬುವುದರಿಂದ ಸೆಕೆಂಡಿಗೆ 7.5 ಲೀಟರಾಯಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಒಂದು ಲೀಟರು ಗಾಳಿಯ ತೂಕ ಸುಮಾರು 1.07 ಗ್ರಾಂ, ಚೆನ್ನೈಯಲ್ಲಿ ಇದಕ್ಕಿಂತ ತುಸು ಹೆಚ್ಚು. ಪೆಡಲು ಒತ್ತದಿರುವಾಗ ಒಳಗಿನ ಒತ್ತಡ ಹೊರಗಿನದರ ಮೂರನೆಯ ಒಂದರಷ್ಟೆಂದು ಇಟ್ಟುಕೊಂಡರೆ, ಸೆಕೆಂಡಿಗೆ 2.7 ಗ್ರಾಂ. ಸ್ಕ್ಯಾನರಿನ ಅಂಕಿ ಇದರ ಆಸುಪಾಸಿನಲ್ಲಿರಬೇಕು. ಪೆಡಲು ಒತ್ತಿದಂತೆ ತಡವರಿಸದೆ ಏರಬೇಕು.

ಹಲಸೂರಿನ ನಮ್ಮ ಮಿತ್ರರೊಬ್ಬರು ಗ್ಯಾರೇಜಿನವರ ಮಾತು ನಂಬಿ ಹೊಸ ಸೆನ್ಸರು ಹಾಕಿಸಿದರು. ವಾರದೊಳಗೆ ಹಳೆಯ ರೋಗವೇ ಮರುಕಳಿಸಿತು. ಸ್ಕ್ಯಾನರು ಜೋಡಿಸಿ, ಕಂಪ್ಯೂಟರು ಇಂಧನಕ್ಕೆ ತಾನೇ ಮಾಡಿಕೊಳ್ಳುವ ತಿದ್ದುಪಡಿಯನ್ನು ನೋಡಿದೆವು. ನಿಂತಲ್ಲೇ ಓಡುವಾಗ ತಿದ್ದುಪಡಿ ಬಹಳವಿತ್ತು, ವೇಗ ಹೆಚ್ಚಿದಂತೆ ಇಳಿಯಿತು. ಸೆನ್ಸರು ಕೊಳೆಯಾಗಿದ್ದರೆ ಹೊರೆ ಹೆಚ್ಚಿದಂತೆ ತಿದ್ದುಪಡಿಯೂ ಏರುವುದು ವಾಡಿಕೆ. ಇಲ್ಲಿ ಅದು ಇಳಿದುದರಿಂದ, ಸೆನ್ಸರನ್ನು ದಾಟಿದ ಮೇಲೆ ಎಲ್ಲಿಯೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿರಬೇಕೆಂದು ಊಹಿಸಿ ಹುಡುಕಿದೆವು. ರಬ್ಬರು ಕೊಳವೆಯ ಮಡಿಕೆಯಲ್ಲಿ ಬಿರುಕಿತ್ತು!

ತೊಳೆಯುವ ಕೆಲಸ ದೊಡ್ಡದಲ್ಲ, ಆದರೆ ನಾಜೂಕಾದುದು. ಎಂಜಿನು ತಣ್ಣಗಾಗಿರಬೇಕು, ಕೀಲಿ ತೆಗೆದಿರಬೇಕು. ಸೆನ್ಸರನ್ನು ಬಿಚ್ಚಿ, ಅದಕ್ಕೆಂದೇ ಮಾರುವ ದ್ರಾವಣವನ್ನು ದೂರದಿಂದ ಸಿಂಪಡಿಸಿ, ತಾನಾಗಿ ಒಣಗಲು ಬಿಡಬೇಕು. ಬಟ್ಟೆ, ಹತ್ತಿ, ಬ್ರಷ್ಷು ಯಾವುದೂ ಕೂಡದು. ಕಾರ್ಬ್ಯುರೇಟರು ತೊಳೆಯುವ ದ್ರಾವಣವೂ ಪಂಕ್ಚರು ಅಂಗಡಿಯ ಒತ್ತಡದ ಗಾಳಿಯೂ ಆ ಸೂಕ್ಷ್ಮ ಪೊರೆಗೆ ಅಪಾಯಕರ. (ಅನೇಕ ಸಣ್ಣ ಪೆಟ್ರೋಲು ಕಾರುಗಳಲ್ಲಿ ಈ ಸೆನ್ಸರೇ ಇಲ್ಲ; ಅವು ಗಾಳಿಯ ಒತ್ತಡವನ್ನು ಅಳೆದು ತೂಕವನ್ನು ಲೆಕ್ಕ ಹಾಕಿಕೊಳ್ಳುತ್ತವೆ. ಇಲ್ಲದ ಸೆನ್ಸರನ್ನು ತೊಳೆಯಲು ಹೊರಟವರನ್ನೂ ನಾವು ಕಂಡಿದ್ದೇವೆ.) ಕೆ.ಆರ್. ಪುರದ ಕಡೆಯ ಧೂಳಿನಲ್ಲಿ ದಿನವೂ ಓಡಾಡುವವರು ಮೊದಲು ಏರ್ ಫಿಲ್ಟರನ್ನು ನೋಡಿಕೊಳ್ಳುವುದು ಲೇಸು.

ನಮ್ಮ ಬೇಡಿಕೆ ಇಷ್ಟೆ: ಸೆನ್ಸರು ಬದಲಾಯಿಸುವ ಯಾವುದೇ ಬಿಲ್ಲಿನಲ್ಲಿ, ಮೊದಲು ಎಷ್ಟು ಗ್ರಾಂ, ತೊಳೆದ ಬಳಿಕ ಎಷ್ಟು ಗ್ರಾಂ ಎಂಬ ಎರಡು ಅಂಕಿಗಳಿರಲಿ. ಓದುತ್ತಿರುವ ಮಕ್ಕಳು ತಂದೆಯವರೊಡನೆ ಗ್ಯಾರೇಜಿಗೆ ಹೋದಾಗ ಇದನ್ನು ವಿನಯದಿಂದಲೇ ಕೇಳಬಹುದು.

ಮಿತ್ರರ ಕಾರಿಗೆ ಕೊಳವೆ ಬದಲಾಯಿಸಿ, ಮೊದಲಿನ ಸೆನ್ಸರನ್ನೇ ತೊಳೆದು ಹಾಕಿದೆವು. ಅದು 2.6 ಗ್ರಾಂ ತೋರಿಸಿತು. ಹೊಸತು ಈಗ ಅವರ ಮನೆಯ ಡಬ್ಬಿಯಲ್ಲಿದೆ.