ಆ ಮುತ್ತಿನ ಫೋಟೋವನ್ನು ಪ್ರೇಮದ ಫೋಟೋ ಅನ್ನಬೇಡಿ

ಫೆಬ್ರವರಿ 14 ಹತ್ತಿರ ಬಂತೆಂದರೆ ಸಾಕು, ವಾಟ್ಸಾಪಿಗೆ ಆ ಫೋಟೋ ಬಂದೇ ಬರುತ್ತದೆ. ನೀವೂ ನೋಡಿರುತ್ತೀರಿ. ಕಪ್ಪು ಸಮವಸ್ತ್ರದ ನಾವಿಕ, ಬಿಳಿ ಉಡುಪಿನ ಹುಡುಗಿ. ಅವಳನ್ನು ಹಿಂದಕ್ಕೆ ಬಾಗಿಸಿ ನಡುಬೀದಿಯಲ್ಲಿ ಮುತ್ತು ಕೊಡುತ್ತಿದ್ದಾನೆ. ಕೆಳಗೆ ಯಾರೋ ಬರೆದಿರುತ್ತಾರೆ: ಯುದ್ಧ ಗೆದ್ದು ಬಂದ ಯೋಧ, ದಾರಿ ಕಾಯುತ್ತಿದ್ದ ಪ್ರೇಯಸಿ.

ಡಿಪ್ಲೊಮಾ ಓದುವಾಗ ನಾವೂ ಹಾಗೆಂದೇ ನಂಬಿದ್ದೆವು. ಅದು ಹಸಿ ಸುಳ್ಳು.

1945ರ ಆಗಸ್ಟ್ 14. ಜಪಾನ್ ಶರಣಾಯಿತೆಂಬ ಸುದ್ದಿ ಹಬ್ಬಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಜನ ಸೇರಿದ್ದರು. 'ಲೈಫ್' ಪತ್ರಿಕೆಯ ಆಲ್ಫ್ರೆಡ್ ಐಸೆನ್‌ಸ್ಟಾಟ್ ಫೋಟೋ ತೆಗೆದರು. ಇಬ್ಬರ ಹೆಸರನ್ನೂ ಬರೆದುಕೊಳ್ಳಲಿಲ್ಲ. 1980ರಲ್ಲಿ ಪತ್ರಿಕೆಯೇ 'ಇವರು ಯಾರು?' ಎಂದು ಕೇಳಿದಾಗ 'ನಾನೇ ನಾವಿಕ', 'ನಾನೇ ಆ ಹುಡುಗಿ' ಎಂದು ಹಲವರು ಮುಂದೆ ಬಂದರು. ಇಂದು ಹೆಚ್ಚಿನವರು ಒಪ್ಪುವ ಹೆಸರುಗಳು ಗ್ರೆಟಾ ಜಿಮ್ಮರ್ ಮತ್ತು ಜಾರ್ಜ್ ಮೆಂಡೊನ್ಸಾ.

ಗ್ರೆಟಾಗೆ ಆಗ 21 ವರ್ಷ. ಆಸ್ಟ್ರಿಯಾದ ಯಹೂದಿ ಹುಡುಗಿ. ಹಿಟ್ಲರನ ಕಾಟಕ್ಕೆ 1939ರಲ್ಲಿ ಅಮೆರಿಕಕ್ಕೆ ಬಂದವರು. ಹಿಂದೆ ಉಳಿದ ತಂದೆತಾಯಿ ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಗ್ರೆಟಾ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಅದಕ್ಕೇ ಆ ಬಿಳಿ ಉಡುಪು. ಯುದ್ಧ ಮುಗಿದದ್ದು ನಿಜವೇ ಎಂದು ನೋಡಲು ಬೀದಿಗೆ ಬಂದಿದ್ದರು. ಯಾರೋ ಬಂದು ಹಿಡಿದುಕೊಂಡ. ಆ ಮುತ್ತು ತನ್ನ ಆಯ್ಕೆಯಾಗಿರಲಿಲ್ಲ ಎಂದು 2005ರ ಸಂದರ್ಶನದಲ್ಲಿ ಅವರೇ ಹೇಳಿದ್ದಾರೆ. ಅವನ ಮುಖವನ್ನು ಅವರು ಅದಕ್ಕೂ ಮೊದಲು ಕಂಡೇ ಇರಲಿಲ್ಲ.

ಹಾಗಾದರೆ ಆ ಫೋಟೋದಲ್ಲಿ ಪ್ರೇಮವೇ ಇಲ್ಲವೇ? ಇದೆ, ಮೂಲೆಯಲ್ಲಿದೆ. ನಾವಿಕನ ಭುಜದ ಹಿಂದೆ ನಗುತ್ತಿರುವ ಒಂದು ಹೆಣ್ಣಿನ ಮುಖ ಕಾಣುತ್ತದೆ, ದೊಡ್ಡದು ಮಾಡಿ ನೋಡಿ. ಅವರು ರೀಟಾ ಪೆಟ್ರಿ. ಜಾರ್ಜ್ ರಜೆಯಲ್ಲಿದ್ದಾಗ ಪರಿಚಯವಾದವರು. ಅವತ್ತು ಇಬ್ಬರೂ ಜೊತೆಯಾಗಿ ಸಿನಿಮಾಕ್ಕೆ ಹೋಗಿದ್ದರು. ಮರುವರ್ಷವೇ ಮದುವೆಯಾಗಿ 70 ವರ್ಷಕ್ಕೂ ಹೆಚ್ಚು ಕಾಲ ಸಂಸಾರ ಮಾಡಿದರು. ಯುದ್ಧಕಾಲದಲ್ಲಿ ನಿಜವಾಗಿ ಪ್ರೀತಿಸಿದ ಜೋಡಿ ಜಾರ್ಜ್ ಮತ್ತು ರೀಟಾ. ಫಾರ್ವರ್ಡ್ ಮಾಡುವಾಗ ನಾವು ಕತ್ತರಿಸಿ ಎಸೆಯುವುದು ರೀಟಾಳ ಮುಖವನ್ನೇ!

'ಖುಷಿಯ ದಿನ, ಹೋಗಲಿ ಬಿಡಿ, ಗ್ರೆಟಾ ಅವರೇ ಕೋಪಿಸಿಕೊಂಡಿಲ್ಲವಲ್ಲ' ಎನ್ನುವವರಿದ್ದಾರೆ. ನಿಜ. ಯುದ್ಧ ಮುಗಿದ ಸಂತೋಷಕ್ಕೆ ಹಾಗೆ ಮಾಡಿದ, ಅದರಲ್ಲಿ ಪ್ರೇಮ ಗೀಮ ಏನೂ ಇರಲಿಲ್ಲ ಎಂಬುದು ಅವರ ಮಾತು. ನಾವೂ ಅದನ್ನೇ ಹೇಳುತ್ತಿರುವುದು. ಪ್ರೇಮವಲ್ಲ ಎಂದು ಫೋಟೋದಲ್ಲಿದ್ದವರೇ ಹೇಳಿದ ಮೇಲೂ ಪ್ರೇಮ ಎಂದು ಬರೆಯಲು ನಾವು ಯಾರು?

ಈ ಸಿಟ್ಟಿಗೆ ಕಾರಣವಿದೆ. ನಾವೂ ಇದೇ ತಪ್ಪು ಮಾಡಿದವರು. ಕೆಲವು ವರ್ಷದ ಹಿಂದೆ ಜಾತ್ರೆಯೊಂದರಲ್ಲಿ ತೇರಿನ ಪಕ್ಕ ಒಂದೇ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಿದ್ದ ಹುಡುಗ ಹುಡುಗಿಯ ಫೋಟೋ ತೆಗೆದು ಕಳಿಸಿದೆವು. ಹೆಸರು ಕೇಳಲಿಲ್ಲ. ಮರುದಿನ ಅಚ್ಚಾಯಿತು: 'ಜಾತ್ರೆಯಲ್ಲಿ ಜೋಡಿಹಕ್ಕಿ'. ಆ ಹುಡುಗ ಅವಳ ಚಿಕ್ಕಮ್ಮನ ಮಗ! ವರಸೆಯಲ್ಲಿ ತಮ್ಮ. ಊರಿನ ಬಾಯಿಗೆ ಹೆದರಿ ಅವಳು ಒಂದು ತಿಂಗಳು ಕಾಲೇಜಿಗೆ ಹೋಗಲಿಲ್ಲ. ತಿದ್ದುಪಡಿ ಹಾಕಿ ಎಂದು ಬೇಡಿಕೊಂಡೆವು, ಡೆಸ್ಕಿನವರು ಹಾಕಲಿಲ್ಲ. ನಾವು ಅವರ ಮನೆಗೆ ಹೋಗಿ ತಲೆ ತಗ್ಗಿಸಿ ಕೂತು ಬಂದೆವು. ಅವಳ ಅಜ್ಜಿ ಕೇಳಿದ್ದು ಒಂದೇ ಮಾತು: 'ಒಂದ್ಸಲ ಕೇಳಬಾರದಿತ್ತೇನಪ್ಪಾ?'

ಜೋಡಿ ಫೋಟೋ ಎಂದರೆ ಇಬ್ಬರೂ ಒಪ್ಪಿ ಕ್ಯಾಮೆರಾ ಮುಂದೆ ನಿಲ್ಲಬೇಕು. ಯುದ್ಧಕಾಲದ ಪ್ರೇಮದ ಫೋಟೋನೇ ಬೇಕೆಂದರೆ 2022ರ ಮಾರ್ಚ್ 6ರಂದು ಉಕ್ರೇನಿನ ಕೀವ್ ನಗರದ ಚೆಕ್‌ಪೋಸ್ಟಿನಲ್ಲಿ ನಡೆದ ಮದುವೆಯ ಫೋಟೋ ಹುಡುಕಿ. ಇಬ್ಬರೂ ಸೈನಿಕರ ಬಟ್ಟೆಯಲ್ಲಿದ್ದಾರೆ. ಅವಳ ತಲೆ ಮೇಲೆ ಮದುವೆಯ ಮುಸುಕು, ಕೈಯಲ್ಲಿ ಹೂವು. ಸುತ್ತ ಬಂದೂಕು ಹಿಡಿದ ಸಂಗಾತಿಗಳು. 20 ವರ್ಷಕ್ಕೂ ಹೆಚ್ಚು ಕಾಲ ಜೊತೆಗೆ ಬಾಳಿದವರು ಯುದ್ಧದ ನಡುವೆ ಮದುವೆಯಾದರು. ತಾವಾಗಿ ನಿಂತರು, ಹೆಸರು ಹೇಳಿದರು. ಅಲ್ಲಿ ಯಾರೂ ಯಾರನ್ನೂ ಎಳೆದು ಬಾಗಿಸಿಲ್ಲ.

ಕ್ಯಾಮೆರಾ ಈಗ ನಿಮ್ಮೆಲ್ಲರ ಜೇಬಿನಲ್ಲೂ ಇದೆ. ತೆಗೆಯುವ ಮುಂಚೆ ಕೇಳಿ, ಕಳಿಸುವ ಮುಂಚೆ ಇನ್ನೊಮ್ಮೆ ಕೇಳಿ. ಮುಂದಿನ ಫೆಬ್ರವರಿಯಲ್ಲಿ ಆ ಫೋಟೋ ನಿಮ್ಮ ಗ್ರೂಪಿಗೆ ಬಂದರೆ ಅಳಿಸಬೇಡಿ. ಕೆಳಗೆ ಇಷ್ಟು ಬರೆದು ಕಳಿಸಿ: 'ಬಿಳಿ ಉಡುಪಿನವರು ಗ್ರೆಟಾ, ಅವರನ್ನು ಯಾರೂ ಕೇಳಲಿಲ್ಲ. ಪ್ರೇಯಸಿ ಹಿಂದೆ ನಿಂತಿದ್ದಾರೆ, ಹೆಸರು ರೀಟಾ.'